ಹಾಳುಬಾವಿ ಮರದ ಐದು ವರ್ಷದ ಯೋಜನೆ

ಐದು ವರ್ಷದ ಮೇಲೆ ನೀವು ಎಲ್ಲಿರುತ್ತೀರಿ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಪ್ಪತ್ತರ ಹತ್ತಿರ ಬಂದವಳಿಗೆ ಕೇಳುವ ಮಾತೇ ಇದು? ಎಲ್ಲಿರುತ್ತೇನೆಂದು ಕೇಳುವವರಿಗೂ ಗೊತ್ತು, ನನಗೂ ಗೊತ್ತು. ಆದರೆ ಆ ಜಾಗದ ಹೆಸರನ್ನು ಬಾಯಿಬಿಟ್ಟು ಹೇಳಿದರೆ "ಬಿಡ್ತು ಅನ್ನು" ಎನ್ನುತ್ತಾರೆ. ಹಾಗಿದ್ದರೆ ಕೇಳಲೇಬೇಡಿರಪ್ಪ. ಕೇಳಿದ ಮೇಲೆ ಉತ್ತರಕ್ಕೆ ಹೆದರಬೇಡಿ.

ಈ ಪ್ರಶ್ನೆ ನನ್ನ ಮನೆಗೆ ಒಂದು ಹಾಳೆಯ ಮೇಲೆ ಅಚ್ಚಾಗಿ ಬಂತು. ಅದರ ಹಿಂದೆ ಬಂದ ಫಜೀತಿಯನ್ನೆಲ್ಲ ಹೇಳುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ದಪ್ಪ, ಮಾತು ಇನ್ನೂ ದಪ್ಪ. ನಯವಾದ ಬರಹ ಬೇಕಾದವರು ಇಲ್ಲಿಗೇ ನಿಲ್ಲಿಸಿದರೆ ನನಗೆ ಬೇಜಾರಿಲ್ಲ.

ನನ್ನ ಕಸುಬು ಹುಣಸೆಹಣ್ಣು. ಕೂಡ್ಲಿಗಿಗೂ ಕಾನಹೊಸಹಳ್ಳಿಗೂ ನಡುವೆ, ಹೆದ್ದಾರಿಯಿಂದ ಒಳಕ್ಕೆ ನಮ್ಮೂರು. ಊರ ಸುತ್ತ ಪಂಚಾಯಿತಿಗೆ ಸೇರಿದ ಹುಣಸೆ ಮರಗಳಿವೆ. ವರ್ಷಕ್ಕೊಮ್ಮೆ, ಕಾಯಿ ಬಲಿಯುವ ಹೊತ್ತಿಗೆ, ಒಂದೊಂದು ಮರದ ಫಸಲನ್ನು ಹರಾಜು ಹಾಕುತ್ತಾರೆ. ಕೂಗಿ ಹಿಡಿದವರು ಆಳು ಹತ್ತಿಸಿ ಹಣ್ಣು ಬಡಿಸಿಕೊಳ್ಳಬೇಕು. ನನ್ನ ಯಜಮಾನರು ಹೋದ ಮೇಲೆ ಮೂವತ್ತು ವರ್ಷ ನಾನು ಮರ ಹಿಡಿದಿದ್ದೇನೆ. ನನ್ನ ಜೊತೆ ಹತ್ತು ಹೆಂಗಸರು ಕುಳಿತು ಹಣ್ಣು ಕುಟ್ಟಿ, ನಾರು ಸುಲಿದು, ಬೀಜ ತೆಗೆಯುತ್ತಾರೆ. ಬೀಜವನ್ನು ಕಂಬಳಿ ನೇಯುವವರು ಗಂಜಿ ಕಾಯಿಸಲು ಒಯ್ಯುತ್ತಾರೆ, ಹಣ್ಣು ಹಗರಿಬೊಮ್ಮನಹಳ್ಳಿ ಪೇಟೆಗೆ ಹೋಗುತ್ತದೆ. ಶಿವರಾತ್ರಿಯಿಂದ ಎರಡು ತಿಂಗಳು, ಹೊಲದಲ್ಲಿ ಒಂದು ಕಡ್ಡಿ ಕೆಲಸವೂ ಇಲ್ಲದಾಗ, ಈ ಹನ್ನೊಂದು ಮನೆಯ ಒಲೆ ಉರಿಯುವುದು ಹುಣಸೆಯಿಂದ.

ಅದರಲ್ಲೂ ಒಂದು ಮರದಿಂದ. ಹಾಳುಬಾವಿ ಮರ ಎಂದು ಅದಕ್ಕೆ ಹೆಸರು. ಊರಾಚೆ ನೀರಿಲ್ಲದ ಒಂದು ಬಾವಿ, ಅದರ ದಂಡೆಗೆ ಈ ಮರ. ನಾಲ್ಕು ಜನ ಕೈಹಿಡಿದರೂ ಬುಡಕ್ಕೆ ಸುತ್ತು ಬರುವುದಿಲ್ಲ. ಉಳಿದ ಮರಗಳು ಒಂದು ವರ್ಷ ಹೊತ್ತರೆ ಮರುವರ್ಷ ಮುನಿಸಿಕೊಂಡು ನಿಲ್ಲುತ್ತವೆ. ಇದು ಯಾವ ವರ್ಷವೂ ಮುನಿದದ್ದಿಲ್ಲ.

ಮರವನ್ನು ಓದುವುದೊಂದು ವಿದ್ಯೆ. ಹೂವಿದ್ದಾಗಲೇ ಒಂದು ಸಲ ಕೆಳಗೆ ನಿಂತು ನೋಡಬೇಕು, ಉದುರಿದ ಹೂವೆಷ್ಟು, ನಿಂತದ್ದೆಷ್ಟು. ಕಾಯಿ ಬಂದ ಮೇಲೆ ಅದರ ಗಿಣ್ಣು ನೋಡಬೇಕು. ದುಡಿದ ಕೈಬೆರಳಿನ ಹಾಗೆ ಗಂಟುಗಂಟಾಗಿದ್ದರೆ ಒಳಗೆ ತಿರುಳಿದೆ, ಸಪಾಟಾಗಿದ್ದರೆ ಬರೀ ಬೀಜ. ಕೊನೆಗೆ ಗಾಳಿ ಬೀಸಿದಾಗ ಕಿವಿಗೊಡಬೇಕು. ಹಣ್ಣಾದ ಕಾಯಿ ಸಿಪ್ಪೆಯಿಂದ ಬಿಟ್ಟುಕೊಂಡು ಒಣಗಿದ ಗೆಜ್ಜೆಯಂತೆ ಸದ್ದು ಮಾಡುತ್ತದೆ. ಇಷ್ಟು ಓದಲು ಮೂರನೇ ಕ್ಲಾಸು ಬೇಕಾದಷ್ಟಾಯಿತು.

ನಮಗಿದ್ದದ್ದು ಒಂದೇ ತೊಂದರೆ, ಮಳೆ. ಯುಗಾದಿಯ ಆಸುಪಾಸಿನಲ್ಲಿ ಒಂದು ದಿನ ಗುಡುಗಿ ಸುರಿದರೆ ಅಂಗಳದ ಹಣ್ಣೆಲ್ಲ ಕಪ್ಪಾಗಿ ಬೂಸಲು ಹಿಡಿಯುತ್ತದೆ. ಪಂಚಾಯಿತಿ ಹಿಂದೆ ಒಂದು ಖಾಲಿ ಕೋಣೆಯಿತ್ತು. ಅದನ್ನು ನಮ್ಮ ಹೆಂಗಸರ ಸಂಘಕ್ಕೆ ಕೊಡಿ ಎಂದು ಕೇಳಿದೆವು. ಕೊಡುತ್ತೇವೆ, ಆದರೆ ಮೊದಲು ವ್ಯಾಪಾರದ ಐದು ವರ್ಷದ ಯೋಜನೆ ಬರೆದುಕೊಡಿ ಎಂದು ಒಂದು ಅಚ್ಚಿನ ಹಾಳೆ ಮನೆಗೆ ಕಳಿಸಿದರು. ಮಳೆಗೆ ಹಣ್ಣು ನೆನೆಯುತ್ತದೆ, ಬಾಗಿಲು ತೆಗೆಯಿರಿ ಎಂದು ಕೇಳಿದವರಿಗೆ, ಐದು ವರ್ಷದ ಮೇಲೆ ಎಲ್ಲಿರುತ್ತೀರಿ ಎಂಬ ಉತ್ತರ! ಕೈಗೆ ಕೀಲಿ ಕೊಡುವ ಮುಂಚೆ ಹಣೆಬರಹ ಕೇಳುವವರನ್ನು ನಾನು ಅಲ್ಲಿಯೇ ಕಂಡದ್ದು.

ಯೋಜನೆ ಬರೆಸಲು ಹೊಸಪೇಟೆಯಿಂದ ಒಬ್ಬ ಮೇಡಂ ಬಂದಳು. ಹುಡುಗಿ ಒಳ್ಳೆಯವಳು, ಅದನ್ನು ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದಳು, ನಮ್ಮ ಜೊತೆ ಚಾಪೆಯ ಮೇಲೆ ಕೂತಳು, ನಾವು ಕೊಟ್ಟ ನೀರು ಕುಡಿದಳು. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ನಾಲ್ಕು ಮನೆ ಗೀಚಿದಳು. ನಮ್ಮ ಶಕ್ತಿ, ನಮ್ಮ ದೌರ್ಬಲ್ಯ, ನಮಗಿರುವ ಅವಕಾಶ, ನಮಗಿರುವ ಭಯ. ನಾಲ್ಕನ್ನೂ ತುಂಬಿದರೆ ಯೋಜನೆ ತಾನೇ ಹುಟ್ಟುತ್ತದಂತೆ.

ಶಕ್ತಿ ಏನೆಂದು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ತಮ್ಮನ್ನು ತಾವೇ ಹೊಗಳಿಕೊಳ್ಳುವುದು ಹೇಗೆಂದು ನಮಗೆ ಯಾರೂ ಕಲಿಸಿಲ್ಲ. ದೌರ್ಬಲ್ಯ ಏನೆಂದು ಕೇಳಿದಾಗ ಮಾತ್ರ ಬಾಯಿ ಮುಚ್ಚಿಸುವುದು ಕಷ್ಟವಾಯಿತು.

"ಈ ಓಬಮ್ಮನ್ನ ಬರಕೊಳ್ರಿ ಮೇಡಂ," ಎಂದಳು ಪಕ್ಕದ ಮನೆಯ ಹಂಪಮ್ಮ. "ಕೆಲಸಕ್ಕ ಕುಂತ್ರ ಕೈ ನಿಲ್ತಾವ, ಬಾಯಿ ನಿಲ್ಲಂಗಿಲ್ಲ."

"ನಂದು ಬಾಯಿ ಬರೇ ಮಾತಾಡ್ತೈತಿ," ಎಂದಳು ಓಬಮ್ಮ. "ಈಕಿ ಬಾಯಿ ಎರಡು ಹಣ್ಣಿಗೆ ಒಂದು ನುಂಗತೈತಿ. ಅದನ್ನೂ ಬರೀರಿ, ದಪ್ಪಗ ಬರೀರಿ."

"ಬಸುರಿದ್ದಾಗ ತಿಂದಿದ್ನೆವ್ವ!"

"ನಿನ್ನ ಮಗಳು ಈಗ ಹಡಿಯಂಗ ಆಗ್ಯಾಳ. ಇನ್ನೂ ಬಸುರೇನು?"

ಮೇಡಂ ಬಣ್ಣದ ಪೆನ್ನು ಹಿಡಿದು ಎಲ್ಲಿ ಬರೆಯಲಿ ಎಂದು ನೋಡುತ್ತಿದ್ದಳು. ಸಂಘ ಅಲ್ಲಿಯೇ ಒಡೆಯುವುದರಲ್ಲಿತ್ತು. ನಾನು ಬೈದು ಸುಮ್ಮನಿರಿಸಿದೆ. ಜನರನ್ನು ಕೂಡಿಸಿ ಒಬ್ಬರ ಹುಳುಕು ಒಬ್ಬರಿಂದ ಹೇಳಿಸುವುದು ಯಾವ ಸೀಮೆ ವ್ಯಾಪಾರವೋ ನನಗೆ ಈಗಲೂ ತಿಳಿದಿಲ್ಲ. ನಾವು ಅದನ್ನು ನಲ್ಲಿಯ ಹತ್ತಿರ ಮಾಡುತ್ತೇವೆ, ಪುಕ್ಕಟೆ.

ಆಮೇಲೆ ನಾಲ್ಕನೇ ಮನೆ ಬಂತು. "ನಿಮ್ಮ ವ್ಯಾಪಾರಕ್ಕ ಯಾವುದರ ಭಯ ಐತಿ?" ಎಂದು ಮೇಡಂ ಕೇಳಿದಳು. ಮಳೆ ಎಂದೆ ನಾನು. ಬರೆದುಕೊಂಡಳು. ಹಂಪಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು, "ಮತ್ತ... ಹಾಳುಬಾವಿ ಮರದಾಗ ಐತಲ್ರಿ, ಅದು," ಎಂದಳು.

"ಯಾವುದು?"

"ಹೆಸರು ಹೇಳಬಾರದ್ರಿ. ಹೆಣ್ಣು. ಬಿಳಿ ಸೀರಿ ಉಟಗಂಡಿರತೈತಿ. ಬ್ಯಾರೆಯವರು ಯಾರೂ ಆ ಮರದ ಕಡಿ ಸುಳಿಯಂಗಿಲ್ಲ. ಈ ಅಜ್ಜಿ ಜೊತಿಗೆ ಇರ್ತಾಳ ಅಂತ ನಾವು ಹೋಗ್ತೀವಿ."

ಮೇಡಂ ನಗಲಿಲ್ಲ, ಗದರಲಿಲ್ಲ. ಅದನ್ನಾದರೂ ಮಾಡಿದ್ದರೆ ಚೆನ್ನಾಗಿತ್ತು. ನನ್ನ ಕಡೆ ತಿರುಗಿ, ನನ್ನ ಕೈ ಹಿಡಿದುಕೊಂಡು, "ಪಾಪ ಅಜ್ಜಿ, ನಿಮ್ಮ ತಪ್ಪಲ್ಲ ಬಿಡ್ರಿ. ಓದಿದ್ದಿಲ್ಲ, ಯಾರೂ ತಿಳಿಸಿ ಹೇಳಿಲ್ಲ," ಎಂದಳು.

ಬೈಗುಳ ನನಗೆ ತಾಗುವುದಿಲ್ಲ. ಪಾಪ ಎಂದರೆ ತಾಗುತ್ತದೆ. ಮೂವತ್ತು ವರ್ಷ ಯಾರ ಮುಂದೆಯೂ ಬಿಚ್ಚದ ಗಂಟನ್ನು ಆ ಒಂದು ಮಾತಿಗೆ ಬಿಚ್ಚಿಬಿಟ್ಟೆ.

"ಪಾಪ ಅನಬ್ಯಾಡವ್ವ," ಎಂದೆ. "ದೆವ್ವ ಇಲ್ಲ ಅಂತ ನನಗೂ ಗೊತ್ತೈತಿ. ಯಾಕಂದ್ರ ಆಕಿನ್ನ ಆ ಮರದಾಗ ಇಟ್ಟಾಕಿನ ನಾನು. ಆಕಿ ಉಟ್ಟ ಸೀರಿ ನಂದು. ಆಕಿ ಬಳಿ ನಾನು ಕೂಡ್ಲಿಗಿ ಸಂತ್ಯಾಗ ತಂದಿದ್ದು."

ಈಗ ನಿಮಗೂ ಆ ಕಥೆ ಹೇಳಬೇಕು. ನಾನು ಮೊದಲು ಹರಾಜಿಗೆ ಹೋದಾಗ ಅಲ್ಲಿ ಕೂತವರೆಲ್ಲ ಗಂಡಸರು. ಹರಾಜಿಗೆ ಮುಂಚೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತ, ಈ ಮರ ನಿನಗೆ, ಆ ಮರ ನನಗೆ ಎಂದು ಹಂಚಿಕೊಂಡೇ ಒಳಗೆ ಬರುತ್ತಿದ್ದರು. ಹಂಚಿಕೆಯಲ್ಲಿ ಇಲ್ಲದವರು ಕೂಗಿದರೆ ಎಲ್ಲರೂ ಸೇರಿ ಏರಿಸಿ ಬಾಯಿ ಮುಚ್ಚಿಸುತ್ತಿದ್ದರು. ಎರಡು ವರ್ಷ ನಾನು ಒಂದು ಕಾಯಿಯೂ ಇಲ್ಲದ ಬೋಳು ಮರ ಹಿಡಿದು ಮನೆಗೆ ಬಂದೆ. ಮೂರನೇ ವರ್ಷ ಬೇಲಿಗೆ ಒಣಹಾಕಿದ್ದ ನನ್ನ ಬಿಳಿ ಸೀರೆಯನ್ನು ಸುಂಟರಗಾಳಿ ಹಾರಿಸಿಕೊಂಡು ಹೋಗಿ ಹಾಳುಬಾವಿ ಮರದ ತುದಿಗೆ ಸಿಕ್ಕಿಸಿತು. ಮಟಮಟ ಮಧ್ಯಾಹ್ನ ಅದನ್ನು ಕಂಡ ಒಬ್ಬ ಗಾಡಿಯವನು ಎತ್ತುಗಳನ್ನು ಬಿಟ್ಟು ಊರಿಗೆ ಓಡಿಬಂದ. ಬಾವಿಯಲ್ಲಿ ಬಿದ್ದವಳು ಮರದಲ್ಲಿದ್ದಾಳೆಂದು ಸಂಜೆಯೊಳಗೆ ಊರೇ ಹೇಳಿತು. ಆ ಬಾವಿಯಲ್ಲಿ ಯಾರೂ ಬಿದ್ದಿರಲಿಲ್ಲ, ಬೀಳಲು ನೀರೇ ಇರಲಿಲ್ಲ. ನಾನು ಯಾರಿಗೂ ಸುಳ್ಳು ಹೇಳಲಿಲ್ಲ. ಅದು ನನ್ನ ಸೀರೆ ಎಂದು ಮಾತ್ರ ಹೇಳಲಿಲ್ಲ.

ಆ ವರ್ಷ ಹಾಳುಬಾವಿ ಮರಕ್ಕೆ ಕೂಗಿದವಳು ನಾನೊಬ್ಬಳೇ. ಮುಂದೆ ಪ್ರತಿ ವರ್ಷ ಹರಾಜಿನ ಹಿಂದಿನ ಅಮಾವಾಸ್ಯೆಗೆ, ನೆತ್ತಿಯ ಮೇಲೆ ಬಿಸಿಲಿದ್ದಾಗ ಹೋಗಿ, ಬುಡಕ್ಕೆ ಒಂದು ಡಜನ್ ಹಸಿರು ಬಳೆ, ಎರಡು ನಿಂಬೆಹಣ್ಣು, ಸ್ವಲ್ಪ ಕುಂಕುಮ ಇಟ್ಟು ಬರುತ್ತಿದ್ದೆ. ದೆವ್ವವಾದರೂ ಸಾಕಿದರೆ ತಾನೆ ಉಳಿಯುವುದು? ಇದು ಮೋಸವಲ್ಲವೇ ಎಂದು ನೀವು ಕೇಳಬಹುದು. ಕೇಳಿ. ಆದರೆ ಬೇವಿನ ಮರದ ಕೆಳಗೆ ಚಹಾ ಕುಡಿದವರನ್ನು ಮೊದಲು ಕೇಳಿ ಬನ್ನಿ. ಅವರದ್ದು ವ್ಯವಹಾರ, ನನ್ನದು ಮೋಸವೇ?

ನಾನಿದನ್ನೆಲ್ಲ ಹೇಳಿ ಮುಗಿಸಿದಾಗ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದಳು. "ಅಜ್ಜಿ, ಇದ ನೋಡ್ರಿ ತಂತ್ರ ಅಂದ್ರ! ನಾವು ಎರಡು ವರ್ಷ ಕಾಲೇಜಿನಾಗ ಓದಿದ್ದು ಇದನ್ನ!" ಎಂದಳು. ನನ್ನ ಜನ್ಮದಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಮುದುಕಿ ಉಬ್ಬಿಹೋದೆ. ಮರದ ಗುರುತು, ಬಳೆಯ ಬಣ್ಣ, ಅಮಾವಾಸ್ಯೆಯ ಲೆಕ್ಕ, ಕೇಳಿದ್ದಕ್ಕೂ ಹೇಳಿದೆ, ಕೇಳದ್ದಕ್ಕೂ ಹೇಳಿದೆ. ಮೇಡಂ ಭಯದ ಮನೆಯಲ್ಲಿದ್ದ ದೆವ್ವವನ್ನು ಹೊಡೆದುಹಾಕಿ, ಶಕ್ತಿಯ ಮನೆಯಲ್ಲಿ ಹಸಿರು ಅಕ್ಷರದಲ್ಲಿ ಬರೆದಳು. ಹಂಪಮ್ಮ ಮಾತ್ರ ಎರಡೂ ಕೆನ್ನೆ ಬಡಿದುಕೊಂಡು, "ಅಜ್ಜಿ ಸಿಟ್ಟಿನಾಗ ಏನೇನೋ ಅಂತಾಳ, ಹೊಟ್ಟ್ಯಾಗ ಹಾಕ್ಕೊಳವ್ವ," ಎಂದು ಹಾಳುಬಾವಿ ದಿಕ್ಕಿಗೆ ಕೈಮುಗಿದಳು. ನಾನು ಅದನ್ನು ಕಂಡೂ ಕಾಣದವಳಂತಿದ್ದೆ. ಆಗ ನನ್ನ ಕಣ್ಣಿದ್ದದ್ದು ಹಸಿರು ಅಕ್ಷರದ ಮೇಲೆ.

ಯೋಜನೆ ಒಪ್ಪಿಗೆಯಾಯಿತು. ಕೋಣೆಯ ಕೀಲಿ ಸಿಕ್ಕಿತು. ಅದು ಎಷ್ಟು ಚೆನ್ನಾದ ಯೋಜನೆಯೆಂದರೆ, ಬೇರೆ ಸಂಘದವರೂ ನೋಡಿ ಕಲಿಯಲಿ ಎಂದು ಆ ದೊಡ್ಡ ಹಾಳೆಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದರು. ಬಾಗಿಲಲ್ಲಿ ಕಾಲಿಟ್ಟವರಿಗೆ ಮೊದಲು ಕಾಣುವ ಗೋಡೆ ಅದು. ಹರಾಜಿನ ನೋಟಿಸನ್ನು ಅಂಟಿಸುವುದೂ ಅದೇ ಗೋಡೆಗೆ.

ಹರಾಜಿನ ದಿನ ಹಾಳುಬಾವಿ ಮರದ ಸರದಿ ಬಂದಾಗ ನಾನು ಎಂದಿನಂತೆ ಕೂಗಿ, ಸೆರಗು ಕೊಡವಿ ಏಳುವುದರಲ್ಲಿದ್ದೆ. ಹಿಂದಿನಿಂದ ಇನ್ನೊಂದು ಕೂಗು ಬಂತು. ಹಗರಿಬೊಮ್ಮನಹಳ್ಳಿಯ ಹುಣಸೆ ವ್ಯಾಪಾರಿ ಕೊಟ್ರಪ್ಪ. ನಾನು ಏರಿಸಿದೆ, ಅವನೂ ಏರಿಸಿದ.

"ಅಜ್ಜೀ, ಸುಮ್ಮಕ ಕುಂದ್ರು," ಎಂದ ಎಲ್ಲರಿಗೂ ಕೇಳುವಂತೆ. "ನಿನ್ನ ದೆವ್ವನ ಗೋಡಿ ಮ್ಯಾಲೆ ಓದೀನಿ. ಅಕ್ಷರ ಭಾಳ ಚಂದ ಅದಾವ."

ಹರಾಜು ನಡೆಸುವವನೂ ನಕ್ಕ. ನನ್ನ ಕೈಲಾಗುವಷ್ಟು ಏರಿಸಿ ನಿಂತೆ. ಮರ ಅವನದಾಯಿತು. ಹೊರಗೆ ಬಂದಾಗ ಹತ್ತೂ ಹೆಂಗಸರು ನಿಂತಿದ್ದರು. ಯಾರೂ ಬೈಯಲಿಲ್ಲ. ಓಬಮ್ಮ ಕೂಡ ಬೈಯಲಿಲ್ಲ. ಆ ದಿನ ನನಗೆ ಆದ ನಾಚಿಕೆಯನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕೈಯಲ್ಲಿ ಈಗ ಎರಡು ಸಣ್ಣ ಮರಗಳಿದ್ದವು, ಹದಿನೈದು ದಿನದ ಕೆಲಸ. ಜೊತೆಗೆ ಕೀಲಿಯಿದ್ದ ಒಂದು ಕೋಣೆ, ಒಳಗೆ ಇಡಲು ಹಣ್ಣಿಲ್ಲದ್ದು.

ಕೊಟ್ಟೂರಿನಲ್ಲಿ ನನಗೆ ಪರಿಚಯದ ಒಬ್ಬಾಕೆ ಮಿರ್ಚಿ ಕರಿಯುತ್ತಾಳೆ. ಅವಳ ಮಿರ್ಚಿ ತಣ್ಣಗಾದರೂ ಮೆತ್ತಗಾಗುವುದಿಲ್ಲ. ಹಿಟ್ಟಿಗೆ ಏನು ಬೆರೆಸುತ್ತಾಳೆಂದು ಅವಳ ಸೊಸೆಗೂ ಗೊತ್ತಿಲ್ಲ. ಹಿಟ್ಟು ಕಲಸುವಾಗ ಬಾಗಿಲು ಹಾಕಿಕೊಳ್ಳುತ್ತಾಳೆ, ಯಾರಾದರೂ ಕೇಳಿದರೆ ನೀರು ಎನ್ನುತ್ತಾಳೆ. ಅವಳಿಗೆ ಯಾರೂ ಚಪ್ಪಾಳೆ ತಟ್ಟಿಲ್ಲ, ಮಿರ್ಚಿ ಮಾತ್ರ ದಿನವೂ ಖಾಲಿ. ಕುರಿ ಕಾಯುವವನು ತನಗೆ ಮಾತ್ರ ಗೊತ್ತಿರುವ ಹುಲ್ಲಿನ ಜಾಗವನ್ನು ಸಂತೆಯಲ್ಲಿ ಸಾರುತ್ತಾನೆಯೇ? ಬದುಕುವ ಉಪಾಯ ಇರುವುದು ಬದುಕಲಿಕ್ಕೆ, ಗೋಡೆಗೆ ಅಂಟಿಸಲಿಕ್ಕಲ್ಲ. ಆ ಹಾಳೆಯಲ್ಲಿ ಬೇವಿನ ಮರದ ಕೆಳಗಿನ ಚಹಾದ ಸುದ್ದಿಯೇಕೆ ಇರಲಿಲ್ಲ? ಆ ಗಂಡಸರನ್ನು ಚಾಪೆಯ ಮೇಲೆ ಕೂರಿಸಿ, ನಿಮ್ಮ ತಂತ್ರವೇನು ಹೇಳಿ, ಹಸಿರಿನಲ್ಲಿ ಬರೆಯುತ್ತೇವೆ ಎಂದು ಯಾರೂ ಕೇಳಲಿಲ್ಲವಲ್ಲ! ದೊಡ್ಡವರ ಉಪಾಯ ಜೇಬಿನಲ್ಲಿರುತ್ತದೆ. ನಮ್ಮಂಥವರು ಒಂದು ಕೋಣೆ ಕೇಳಿದರೆ ಹೊಟ್ಟೆಯೊಳಗಿನದನ್ನೆಲ್ಲ ಕಕ್ಕಬೇಕು. ಈ ಸಿಟ್ಟು ನನಗೆ ಇನ್ನೂ ಆರಿಲ್ಲ, ಆರುವುದೂ ಬೇಡ.

ಆದರೆ ನ್ಯಾಯ ಹೇಳಬೇಕಾದರೆ, ಕಕ್ಕು ಎಂದು ನನ್ನ ಬೆನ್ನಿಗೆ ಯಾರೂ ಗುದ್ದಿರಲಿಲ್ಲ. ಒಂದು ಚಪ್ಪಾಳೆಗೆ ಕಕ್ಕಿದವಳು ನಾನೇ.

ಶಿವರಾತ್ರಿ ಕಳೆಯಿತು. ಎಲ್ಲ ಮರಗಳನ್ನೂ ಬಡಿದಾಯಿತು. ಹಾಳುಬಾವಿ ಮರ ಮಾತ್ರ ತುಂಬಿಕೊಂಡು ಹಾಗೆಯೇ ನಿಂತಿತ್ತು. ಕೊಟ್ರಪ್ಪ ಮರ ಹತ್ತುವ ಆಳುಗಳನ್ನು ಹರಪನಹಳ್ಳಿ ಕಡೆಯಿಂದ ಕರೆಸಿದ್ದ. ಅವರು ಬುಡದಲ್ಲಿ ಮೂವತ್ತು ವರ್ಷದ ಬಳೆಚೂರು ನೋಡಿದರು, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ವಿಚಾರಿಸಿದರು, ಮಧ್ಯಾಹ್ನದ ಬಸ್ಸಿಗೇ ಹೊರಟುಹೋದರು. ಇನ್ನೊಂದು ತಂಡವನ್ನು ಕರೆಸಿದ. ಅವರು ಚಹಾ ಕುಡಿಯುವ ತನಕವೂ ನಿಲ್ಲಲಿಲ್ಲ. ಅವರು ಯಾರೂ ಪಂಚಾಯಿತಿ ಗೋಡೆ ಓದಿದವರಲ್ಲ.

ಯುಗಾದಿ ಹತ್ತಿರ ಬಂತು. ಬಡಗಣ ದಿಕ್ಕಿಗೆ ಮೋಡ ಕಾಣತೊಡಗಿದ ದಿನ ಕೊಟ್ರಪ್ಪನ ಮೊಪೆಡ್ ನಮ್ಮ ಮನೆಯ ಮುಂದೆ ನಿಂತಿತು.

"ಅಜ್ಜಿ, ದೆವ್ವ ಇಲ್ಲ ಅಂತ ನೀವ ಹೇಳೀರಿ," ಎಂದ. ಹರಾಜಿನ ದಿನದ 'ಕುಂದ್ರು' ಈಗ 'ರಿ' ಕಟ್ಟಿಕೊಂಡು ಬಂದಿತ್ತು.

"ಹೇಳೀನಿ."

"ಅದನ್ನ ಬಂದು ನನ್ನ ಆಳುಗಳ ಮುಂದ ಒಂದು ಮಾತು ಹೇಳ್ರಿ."

"ಗೋಡಿಗೆ ಬರದೈತಲ್ಲಪ. ಅಕ್ಷರ ಭಾಳ ಚಂದ ಅದಾವ. ಕರಕಂಡು ಹೋಗಿ ಓದಿಸು."

ಅವನು ತಲೆ ಕೆರೆದುಕೊಂಡ. ನಾನು ಸುತ್ತಿ ಬಳಸಿ ಮಾತನಾಡುವವಳಲ್ಲ. ನಮ್ಮ ಪಾಲಯ್ಯ ಹತ್ತುತ್ತಾನೆ, ಹಣ್ಣಿನಲ್ಲಿ ಅರ್ಧ ನಮಗೆ, ನಿನ್ನ ಅರ್ಧವನ್ನು ಕುಟ್ಟಿ ಬೀಜ ತೆಗೆಯುವ ಕೆಲಸವೂ ನಮ್ಮ ಹೆಂಗಸರಿಗೇ ಎಂದೆ. ಅವನು ಮೋಡದ ಕಡೆ ಒಮ್ಮೆ ನೋಡಿ ಆಯಿತೆಂದ. ಹೆಂಗಸರಿಗೆ ಸುದ್ದಿ ಮುಟ್ಟಿಸಿದೆ. ನನ್ನ ಮೂರ್ಖತನದಿಂದ ಹೋದದ್ದರಲ್ಲಿ ಅರ್ಧವಾದರೂ ತಿರುಗಿ ಬಂತೆಂದು ಕೋಣೆಯನ್ನು ಗುಡಿಸಿ ಇಟ್ಟೆ.

ಪಾಲಯ್ಯ ನನ್ನ ಮೈದುನ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ತೊಟ್ಟಿಲಲ್ಲಿದ್ದವನು. ಮೂವತ್ತು ವರ್ಷದಿಂದ ನನ್ನ ಎಲ್ಲ ಮರಗಳನ್ನೂ ಹತ್ತಿದವನು ಅವನೇ. ಬೇರೆ ಮರಗಳಿಗೆ ಸೀದಾ ಹತ್ತಿಬಿಡುತ್ತಾನೆ. ಹಾಳುಬಾವಿ ಮರದಲ್ಲಿ ಮಾತ್ರ ಹಗ್ಗ ಸೊಂಟಕ್ಕೆ ಸುತ್ತಿಕೊಂಡು, ಮೇಲಕ್ಕೊಮ್ಮೆ ನೋಡಿ, "ಅತ್ತಿಗಿ, ಹತ್ಲಾ?" ಎಂದು ಕೇಳುತ್ತಾನೆ. ನಾನು "ಹತ್ತು" ಎನ್ನುತ್ತೇನೆ. ಕೆಳಗೆ ಹೆಂಗಸರು ದೂರ ಸರಿದಿದ್ದಾರೋ ಇಲ್ಲವೋ ಎಂದು ಕೇಳುತ್ತಾನೆಂದೇ ನಾನು ತಿಳಿದಿದ್ದೆ. ದೊಡ್ಡ ಮರ, ದೊಡ್ಡ ಕೊಂಬೆ, ಕೇಳುವುದು ಒಳ್ಳೆಯದೇ.

ಮರುದಿನ ಬೆಳಿಗ್ಗೆ ಎಲ್ಲರೂ ಮರದ ಕೆಳಗೆ ಸೇರಿದೆವು. ಹತ್ತು ಹೆಂಗಸರು, ಕೊಟ್ರಪ್ಪ, ಅವನ ಲಾರಿಯ ಇಬ್ಬರು ಹಮಾಲರು. ಪಾಲಯ್ಯ ಹಗ್ಗ ತಂದಿದ್ದ. ಆದರೆ ಅದನ್ನು ಸೊಂಟಕ್ಕೆ ಸುತ್ತಲಿಲ್ಲ. ಬಾವಿಯ ಕಟ್ಟೆಯ ಮೇಲೆ ಹೋಗಿ ಕೂತ.

"ಯಾಕಲೇ ಕುಂತುಬಿಟ್ಟಿ?"

"ಹತ್ತಂಗಿಲ್ಲ ಅತ್ತಿಗಿ."

"ಮೈಯಾಗ ಹುಷಾರಿಲ್ಲೇನು?"

"ಮೈ ನೆಟ್ಟಗೈತಿ. ನೀನು ಆಕಿನ್ನ ಇಲ್ಲ ಅಂದೀ. ಹನ್ನೊಂದು ಮಂದಿ ಮುಂದ ಅಂದೀ, ಗೋಡಿಗೆ ಬರೆಸೀ. ಆಕಿಗೆ ಸಿಟ್ಟು ಬಂದಿರತೈತಿ."

"ಲೇ ಹುಚ್ಚಪ್ಪ, ಇದ್ರ ಅಲ್ಲೇನು ಸಿಟ್ಟು ಬರೋದು? ಬಳಿ ಇಟ್ಟಾಕಿ ನಾನು."

"ಗೊತ್ತೈತಿ. ಮೊದಲನೇ ವರ್ಷನ ನೋಡೀನಿ. ಮಟಮಟ ಮಧ್ಯಾಹ್ನ ಒಬ್ಬಾಕಿನ ಬಂದು ಬಳಿ ಇಟ್ಟು ಹೋದಿ. ದೆವ್ವ ಇಲ್ಲದಿದ್ರ ಅಂಥ ಬಿಸಲಾಗ ಯಾರರ ಬಳಿ ಇಟ್ಟು ಹೋಗ್ತಾರ? ನಮ್ಮತ್ತಿಗಿಗೂ ಆಕಿಗೂ ಮಾತಾಗೈತಿ, ಅತ್ತಿಗಿ ಹತ್ತು ಅಂದ್ರ ಆಕಿ ಏನೂ ಮಾಡಂಗಿಲ್ಲ ಅಂತ ತಿಳಕಂಡಿದ್ದೆ. ಇಷ್ಟು ವರ್ಷ ಹತ್ಲಾ ಹತ್ಲಾ ಅಂತ ಮತ್ಯಾಕ ಕೇಳ್ತಿದ್ದೆ? ಈಗ ನಿಮ್ಮಿಬ್ಬರ ಮಾತು ಮುರದೈತಿ. ನಾನು ಯಾರ ಮಾತಿನ ಮ್ಯಾಲೆ ಹತ್ಲಿ?"

ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಹಂಪಮ್ಮ, "ಅವತ್ತ ಕೈಮುಗಿದೆ, ಈಕಿ ಕೇಳಲಿಲ್ಲ," ಎಂದಳು. ನಾನು ಮೇಲಕ್ಕೆ ನೋಡಿದೆ. ಗೆಜ್ಜೆಯಂತೆ ಸದ್ದು ಮಾಡುವ ಹಣ್ಣು ಕೊಂಬೆಕೊಂಬೆಗೂ ಜೋತಿತ್ತು. ಬಡಗಣ ಮೋಡ ನಿನ್ನೆಗಿಂತ ಹತ್ತಿರವಿತ್ತು.

ಮನುಷ್ಯರಾದವರು ಎಂಥೆಂಥವರ ಮುಂದೆಯೋ ತಪ್ಪೊಪ್ಪಿಕೊಂಡಿರಬಹುದು. ತಾನೇ ಹುಟ್ಟಿಸಿದ, ತನ್ನದೇ ಹಳೆಯ ಸೀರೆ ಉಟ್ಟ, ಇಲ್ಲದ ದೆವ್ವದ ಮುಂದೆ ತಪ್ಪೊಪ್ಪಿಕೊಂಡವಳನ್ನು ನಾನು ಬೇರೆ ಕಂಡಿಲ್ಲ. ಹಂಪಮ್ಮನನ್ನು ಊರಿಗೆ ಕಳಿಸಿ ತೆಂಗಿನಕಾಯಿ, ಬಳೆ, ನಿಂಬೆಹಣ್ಣು ತರಿಸಿದೆ. ಎಲ್ಲರ ಎದುರಿಗೆ, ಗೋಡೆ ಓದಿದ ಕೊಟ್ರಪ್ಪನ ಎದುರಿಗೂ, ಬುಡಕ್ಕೆ ಕಾಯಿ ಒಡೆದೆ.

"ಯವ್ವಾ, ಬಾಯಿ ತಪ್ಪಿ ನಿನ್ನ ಇಲ್ಲ ಅಂದೆ. ಅದೀ. ಭಾಳ ವರ್ಷದಿಂದ ಅದೀ. ತಪ್ಪಾತು," ಎಂದೆ.

ಹೇಳುವಾಗ ಹಲ್ಲು ಕಡಿದುಕೊಂಡೇ ಹೇಳಿದೆ. ಕೊಟ್ರಪ್ಪ ನಗುತ್ತಾನೇನೋ ಎಂದು ಓರೆಗಣ್ಣಿನಲ್ಲಿ ನೋಡಿದರೆ, ಅವನು ಚಪ್ಪಲಿ ಬಿಚ್ಚಿ ನಿಂತಿದ್ದ.

ಪಾಲಯ್ಯ ಎದ್ದ. ಹಗ್ಗ ಸುತ್ತಿಕೊಂಡ. ಮೇಲಕ್ಕೆ ನೋಡಿದ.

"ಅತ್ತಿಗಿ, ಹತ್ಲಾ?"

ಮೂವತ್ತು ವರ್ಷ ಕೇಳಿದ ಮಾತು. ಆ ದಿನ ಮೊದಲ ಸಲ ಕೇಳಿಸಿತು. ಇಷ್ಟು ವರ್ಷವೂ ಇವನು ಹೆದರಿಕೊಂಡೇ ಹತ್ತಿದ್ದಾನೆ, ನನ್ನ ಒಂದು ಮಾತನ್ನು ನಂಬಿ ಹತ್ತಿದ್ದಾನೆ. ನಾನು ಹೆಂಗಸರು ಸರಿದರೋ ಇಲ್ಲವೋ ಎಂದು ನೋಡಿ "ಹತ್ತು" ಎನ್ನುತ್ತಿದ್ದೆ. ಮೇಡಮ್ಮನ ಹಾಳೆಯಲ್ಲಿ ಶಕ್ತಿಯ ಮನೆ ಖಾಲಿ ಉಳಿದಾಗ ಇದನ್ನು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆಯದೇ ಇದ್ದದ್ದು ಒಳ್ಳೆಯದಾಯಿತು. ಹೊಳೆದಿದ್ದರೆ ಅದನ್ನೂ ಗೋಡೆಗೆ ಅಂಟಿಸುತ್ತಿದ್ದರು.

"ಹತ್ತು," ಎಂದೆ.

ಮೂರು ದಿನ ಬಡಿದೆವು. ನಾಲ್ಕನೇ ದಿನ ಮಳೆ ಬಂತು. ಹಣ್ಣು ಕೋಣೆಯೊಳಗಿತ್ತು. ಕೋಣೆಗಾಗಿ ಯೋಜನೆ, ಯೋಜನೆಯಿಂದ ಮರ ಹೋಯಿತು, ಅರ್ಧ ಮರ ಬಂತು, ಕೋಣೆ ಉಪಯೋಗಕ್ಕೆ ಬಂತು. ಇದನ್ನು ಲಾಭವೆನ್ನಬೇಕೋ ಲುಕ್ಸಾನೆನ್ನಬೇಕೋ ಓದಿದವರು ಹೇಳಲಿ.

ಮುಂದಿನ ದೀಪಾವಳಿ ಮುಗಿದ ಮೇಲೆ ಮೇಡಂ ತಿರುಗಿ ಬಂದಳು. ಯೋಜನೆಯನ್ನು ವರ್ಷಕ್ಕೊಮ್ಮೆ ತಿದ್ದಬೇಕಂತೆ. ಅದೇ ಹಾಳೆ, ಅದೇ ನಾಲ್ಕು ಮನೆ. ನಡೆದದ್ದನ್ನೆಲ್ಲ ಯಾರೋ ಅವಳಿಗೆ ಹೇಳಿದ್ದರು. ಹುಡುಗಿ ಮುಖ ಸಣ್ಣ ಮಾಡಿಕೊಂಡು, "ನನ್ನಿಂದ ತಪ್ಪಾತಜ್ಜಿ," ಎಂದಳು. ನಾನು ಅವಳನ್ನು ಬೈಯಬೇಕೆಂದು ಒಂದು ವರ್ಷದಿಂದ ಮಾತು ಕೂಡಿಸಿಟ್ಟಿದ್ದೆ, ಬೈಯಲಾಗಲಿಲ್ಲ. ಪಾಪ ಎಂದರೆ ಹೇಗಾಗುತ್ತದೆ ಎಂದು ನನಗೆ ಗೊತ್ತಲ್ಲ, ಹಾಗಾಗಿ ಅದನ್ನೂ ಅನ್ನಲಿಲ್ಲ. ಚಹಾ ಕೊಟ್ಟೆ.

"ಈ ಸಲ ಭಯದ ಮನ್ಯಾಗ ಏನು ಬರೀಲಿ?" ಎಂದಳು.

"ಈ ಹಾಳಿ ಐತಲ್ಲವ್ವ, ಇದನ್ನ ಬರಿ," ಎಂದೆ. ನಕ್ಕು, ಮಳೆ ಎಂದು ಬರೆದುಕೊಂಡಳು. ಶಕ್ತಿಯ ಮನೆಗೆ ಬಂದಾಗ ಏನೂ ಇಲ್ಲವೆಂದೆ. ಕೊಟ್ಟೂರಿನವಳ ಹಾಗೆ, ನೀರು ಎಂದೆ. ಕೊನೆಗೆ ಅವಳು ಹೆದರುತ್ತ ಹೆದರುತ್ತ, ಬರೆಯಲೇಬೇಕಾದ ಪ್ರಶ್ನೆಯನ್ನು ಕೇಳಿದಳು. ಐದು ವರ್ಷದ ಮೇಲೆ ನೀವು ಎಲ್ಲಿರುತ್ತೀರಿ?

ಸುತ್ತ ಹತ್ತು ಹೆಂಗಸರು ಕೂತಿದ್ದರು. ಬಾಗಿಲಲ್ಲಿ ಪಾಲಯ್ಯ ಬೀಡಿ ಹಚ್ಚಿಕೊಂಡು ನಿಂತಿದ್ದ. ಹರಾಜಿಗೆ ಇನ್ನು ಇಪ್ಪತ್ತು ದಿನವಿತ್ತು.

"ಇದನ್ನ ಮಾತ್ರ ದಪ್ಪಗ ಬರಕೊಳ್ಳವ್ವ," ಎಂದೆ. "ಗೋಡಿಗೂ ಅಂಟಿಸು, ಎಲ್ಲಾರೂ ಓದಲಿ. ಐದು ವರ್ಷದ ಮ್ಯಾಲೆ ಅಜ್ಜಿ ಹಾಳುಬಾವಿ ಮರದಾಗ ಇರ್ತಾಳ. ನಮ್ಮ ಸಂಘದವರನ್ನ ಬಿಟ್ಟು ಬ್ಯಾರೆ ಯಾರು ಹತ್ತಿದ್ರೂ ಕಾಲು ಹಿಡಿದು ಜಗ್ತಾಳ."

ಬಿಡ್ತು ಅನ್ನು ಎಂದು ಯಾರೂ ಹೇಳಲಿಲ್ಲ. ಹಂಪಮ್ಮನ ಬಾಯಿಂದ ಹುಣಸೆಹಣ್ಣು ಬಿತ್ತು. ಸುದ್ದಿ ಮರುದಿನದ ಬಸ್ಸಿಗೇ ಹಗರಿಬೊಮ್ಮನಹಳ್ಳಿ ಮುಟ್ಟಿತು. ಹರಾಜಿನಲ್ಲಿ ಹಾಳುಬಾವಿ ಮರದ ಸರದಿ ಬಂದಾಗ ಕೊಟ್ರಪ್ಪ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ನನ್ನ ಬಿಳಿ ಸೀರೆ ನೋಡಿದ, ಸುಮ್ಮನೆ ಕೂತ.

ಹಳೆಯ ದೆವ್ವದಲ್ಲಿ ಒಂದು ಹುಳುಕಿತ್ತು. ಅದು ಸುಳ್ಳೆಂದು ಗೊತ್ತಿದ್ದವಳು ಊರಲ್ಲಿ ಒಬ್ಬಳಿದ್ದಳು, ಅವಳಿಗೆ ಬಾಯಿತ್ತು, ಚಪ್ಪಾಳೆಯ ಆಸೆಯಿತ್ತು. ಹೊಸ ದೆವ್ವಕ್ಕೆ ಆ ಕಾಟವಿಲ್ಲ. ಅದು ಮರಕ್ಕೆ ಹೋಗಿ ಕೂತ ದಿನ, ಅದು ಇಲ್ಲವೆಂದು ಹೇಳಲು ನಾನು ಇರುವುದಿಲ್ಲ.